ಓದಿ ಹೇಳಿದ ಮೇಲೆ ಸಹಿ

ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬ ನೋಟಾರ್, ಅಂದರೆ ಕಾಗದಪತ್ರಗಳನ್ನು ಅಧಿಕೃತ ಮಾಡುವ ಕಾನೂನು ಅಧಿಕಾರಿಯ ಕಚೇರಿಯಲ್ಲಿ ನಾನೂ ನನ್ನ ಪಾಲುದಾರನೂ ಒಂದು ಗಂಟೆ ಕೂತಿದ್ದೆವು. ಅಷ್ಟು ಹೊತ್ತೂ ನೋಟಾರ್ ಮಾಡಿದ್ದು ಒಂದೇ ಕೆಲಸ. ನಮ್ಮ ಹೊಸ ಕಂಪನಿಯ ಒಪ್ಪಂದವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಜೋರಾಗಿ ಓದಿದರು. ಆಗಾಗ ತಲೆ ಎತ್ತಿ, "ಇದು ಅರ್ಥವಾಯಿತಾ?" ಎಂದು ಕೇಳಿದರು. ಜರ್ಮನಿಯ ಕಾನೂನೇ ಹಾಗಿದೆ. ಓದಿ ಹೇಳದೆ ಸಹಿ ಹಾಕಿಸುವಂತಿಲ್ಲ. ಭಾಷೆ ಬಾರದವರಿದ್ದರೆ ಅನುವಾದ ಮಾಡಿ ಹೇಳಬೇಕು.

ಕಂಪನಿಯ ಸಾಲಕ್ಕೆ ಸಾಮಾನ್ಯವಾಗಿ ಮಾಲೀಕರ ಸ್ವಂತ ಆಸ್ತಿ ಹೊಣೆಯಾಗದ, ಸೀಮಿತ ಹೊಣೆಯ ಕಂಪನಿಗೆ ಇಲ್ಲಿ ಗೇಎಂಬೇಹಾ (GmbH) ಅನ್ನುತ್ತಾರೆ. ಅದರ ಕಾನೂನು ಬಂದಿದ್ದು 1892ರಲ್ಲಿ. ಬಂಡವಾಳ ಕನಿಷ್ಠ 25,000 ಯೂರೋ. ನೋಂದಣಿಗೆ ಮುಂಚೆ ಅದರಲ್ಲಿ ಅರ್ಧವಾದರೂ ಕಟ್ಟಿರಬೇಕು. ಅಷ್ಟು ದುಡ್ಡಿಲ್ಲದವರು 2008ರಿಂದ ಒಂದು ಯೂರೋದಲ್ಲೂ ಚಿಕ್ಕ ರೂಪದ ಕಂಪನಿ ತೆರೆಯಬಹುದು, ಆದರೆ ವರ್ಷವರ್ಷ ಲಾಭದ ಕಾಲುಭಾಗ ತೆಗೆದಿಡಬೇಕು.

ಓದುತ್ತಾ ಓದುತ್ತಾ ನೋಟಾರ್ ಒಂದು ಕಡೆ ನಿಲ್ಲಿಸಿದರು. ಕೋರ್ಟಿನ ರಿಜಿಸ್ಟರ್‌ನಲ್ಲಿ ಕಂಪನಿಯ ಹೆಸರು ಏರುವವರೆಗೆ ಅದರ ಹೆಸರಲ್ಲಿ ಏನು ಒಪ್ಪಂದ ಮಾಡಿಕೊಂಡರೂ ಹೊಣೆ ನಿಮ್ಮದೇ, ನಿಮ್ಮ ಸ್ವಂತ ದುಡ್ಡೇ ಹೋಗುತ್ತದೆ ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾರನೇ ವಾರ ಆಫೀಸಿನ ಬಾಡಿಗೆ ಕರಾರಿಗೆ ಸಹಿ ಹಾಕುವವರಿದ್ದೆವು! ಮುಂದಕ್ಕೆ ಹಾಕಿದೆವು. ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದರು: ಹೆಸರು ರಿಜಿಸ್ಟರ್‌ಗೆ ಬಂದ ಕೂಡಲೇ ಸರ್ಕಾರದ್ದೇ ಅನ್ನಿಸುವ ಸುಳ್ಳು ಬಿಲ್ಲುಗಳು ಅಂಚೆಯಲ್ಲಿ ಬರುತ್ತವೆ, ಕಟ್ಟಬೇಡಿ. ಹೇಳಿದ ಹಾಗೇ ಮೂರು ಬಂದವು.

ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮಗ ಅಣ್ಣನೂ ಪ್ರೈವೇಟ್ ಲಿಮಿಟೆಡ್, ಅಂದರೆ ನಮ್ಮ ದೇಶದ ಸೀಮಿತ ಹೊಣೆಯ ಕಂಪನಿ ಮಾಡಿಸಿದ. ಹೆಸರು, ನೋಂದಣಿ, ಪ್ಯಾನ್, ತೆರಿಗೆ ಮುರಿದುಕೊಳ್ಳಲು ಬೇಕಾದ ಟ್ಯಾನ್ ಸಂಖ್ಯೆ ಎಲ್ಲವೂ ಸ್ಪೈಸ್ ಪ್ಲಸ್ ಎಂಬ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಆಗುತ್ತದೆ. ಒಂದು ಲಕ್ಷ ಬಂಡವಾಳ ಇರಲೇಬೇಕು ಎಂಬ ನಿಯಮವನ್ನು 2015ರಲ್ಲೇ ತೆಗೆದಿದ್ದಾರೆ. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಇದು ದೊಡ್ಡ ಉಪಕಾರ. ಈ ವಿಷಯದಲ್ಲಿ ಜರ್ಮನಿಗಿಂತ ನಮ್ಮ ದೇಶವೇ ಮೇಲು ಎಂದು ಇಲ್ಲಿನ ಗೆಳೆಯರಿಗೆ ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರಾದರೂ ಡೈರೆಕ್ಟರ್ ಬೇಕಲ್ವಾ? ಎರಡನೆಯವರು ವೈನಿ, ಅಂದರೆ ಅಣ್ಣನ ಹೆಂಡತಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ. "ಮೊಬೈಲ್ ಮುಂದ ಹೆಸರು ಹೇಳ್ರಿ ಅಂದ್ರು, ಹೇಳಿದೆ. ಓಟಿಪಿ ಕೇಳಿದ್ರು, ಕೊಟ್ಟೆ" ಎಂದು ವೈನಿ ಆಮೇಲೆ ನನಗೆ ಹೇಳಿದರು. ಅಷ್ಟಕ್ಕೇ ಅವರು ಡೈರೆಕ್ಟರ್. ಅವರ ಹೆಸರಲ್ಲಿ ಆದ ಕಾಗದಗಳಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ.

ಮೊದಲ ವರ್ಷ ವ್ಯಾಪಾರ ಆಗಲಿಲ್ಲ. ವ್ಯಾಪಾರವೇ ಇಲ್ಲ, ಲೆಕ್ಕ ಏನು ಕೊಡೋದು ಎಂದು ಅಣ್ಣ ಸುಮ್ನೆ ಬಿಟ್ಟ. ಹಾಗೆ ಬಿಡುವಂತಿಲ್ಲ. ಲೆಕ್ಕಪತ್ರದ ಫಾರಂ, ವಾರ್ಷಿಕ ರಿಟರ್ನ್ ಎರಡನ್ನೂ ಕೊಡಲೇಬೇಕು. ತಡವಾದರೆ ಫಾರಂ ಒಂದಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಪೂರ್ತಿ ಒಂದು ವರ್ಷ ತಡವಾದರೆ ಎರಡೂ ಸೇರಿ 73,000. ಸತತ ಮೂರು ವರ್ಷ ಕೊಡದಿದ್ದರೆ ಐದು ವರ್ಷ ಯಾವ ಕಂಪನಿಗೂ ಡೈರೆಕ್ಟರ್ ಆಗುವಂತಿಲ್ಲ. ಇದು ವೈನಿಗೂ ಅನ್ವಯಿಸುತ್ತದೆ.

ನಮ್ಮಲ್ಲೂ ಬಂಡವಾಳ ಕಟ್ಟಿಸಿ ಅಂತ ನಾನು ಹೇಳುತ್ತಿಲ್ಲ. ನೋಟಾರ್ ಕೂಡ ಬೇಡ. ಓಟಿಪಿ ಕೇಳುವ ಮುಂಚೆ ಆಡಿಟರೋ ಅವರ ಕಚೇರಿಯ ಒಬ್ಬರೋ ಪ್ರತಿ ಡೈರೆಕ್ಟರ್ ಜೊತೆ ಅರ್ಧ ಗಂಟೆ ಕೂತು, ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಲಿ. ಕಂಪನಿಯ ಸಾಲ ಯಾವಾಗ ಮನೆ ಬಾಗಿಲಿಗೆ ಬರುವುದಿಲ್ಲ, ಯಾವಾಗ ಬರುತ್ತದೆ ಅನ್ನುವುದಾದರೂ ಗೊತ್ತಾಗಬೇಕು. ಸೀಮಿತ ಹೊಣೆ ಅಂದರೆ ಹೊಣೆಯೇ ಇಲ್ಲ ಎಂದು ನಂಬಿದವರು ನಮ್ಮಲ್ಲಿ ಜಾಸ್ತಿ.

ಕೊನೆಗೆ ಆ ಕೆಲಸಕ್ಕೆ ನಾನೇ ಕೂತೆ. ಎರಡು ಭಾನುವಾರ ವಿಡಿಯೋ ಕಾಲ್‌ನಲ್ಲಿ ವೈನಿಗೆ ಅವರ ಕಂಪನಿಯ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರ ಮಷೀನ್ ಸಾಲಕ್ಕ ಬ್ಯಾಂಕಿನ್ಯಾಗ ನನ್ನ ಕಡೆಯಿಂದ ಗ್ಯಾರಂಟಿ ಸಹಿ ಹಾಕಿಸ್ಕೊಂಡಾರಲ್ಲ, ಅದು ಕಂಪನಿದೋ, ನಂದೋ?"

ಆ ಕಾಗದದ ಫೋಟೋ ಕಳಿಸಲು ಹೇಳಿದ್ದೇನೆ. ಮುಂದಿನ ಭಾನುವಾರ ಅದನ್ನು ಓದಬೇಕು.