ಶುರು ಮಾಡುವುದಕ್ಕಿಂತ ತಡೆಯುವುದೇ ಕಷ್ಟ

ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ನಕಲು ಮಾಡುವ ಬಗ್ಗೆ ನೀವು ಬರೆದ ಲೇಖನ ಓದಿದೆ. ಡಿಎನ್‌ಎ-ಎ ಎಂಬ ಪ್ರೋಟೀನು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಜೊತೆ ಓರಿ-ಸಿ ಎಂಬ ಆರಂಭದ ಜಾಗದಲ್ಲಿ ಗುಂಪುಗೂಡಿ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುತ್ತದೆ, ಅಲ್ಲಿಂದ ನಕಲು ಶುರು ಅಂತ ಲೇಖನದಲ್ಲಿ ಚೆನ್ನಾಗಿ ಹೇಳಿದ್ದೀರಿ. ಆದರೆ ತಕ್ಷಣ ಮತ್ತೆ ಶುರುವಾಗದಂತೆ ತಡೆಯಬೇಕಲ್ವಾ? ಅದನ್ನು ಬಿಟ್ಟೇಬಿಟ್ಟಿದ್ದೀರಿ. ನನಗಂತೂ ಅದೇ ಜಾಸ್ತಿ ಇಷ್ಟ. ಇ. ಕೋಲಿ ಬ್ಯಾಕ್ಟೀರಿಯಾದ ಓರಿ-ಸಿಯಲ್ಲಿ ಜಿಎಟಿಸಿ ಎಂಬ ನಾಲ್ಕು ಡಿಎನ್‌ಎ ಅಕ್ಷರಗಳ ಸಾಲು 11 ಕಡೆ ಬರುತ್ತದೆ. ನಕಲಾದ ಕೂಡಲೇ ಈ ಸಾಲುಗಳಲ್ಲಿ ಹಳೆಯ ಎಳೆಯ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಇರುತ್ತದೆ, ಹೊಸದರಲ್ಲಿ ಇರುವುದಿಲ್ಲ. ಈ ಅರೆಬರೆ ಗುರುತು ಹಿಡಿದು ಸೆಕ್-ಎ ಪ್ರೋಟೀನು ಬಂದು ಜಾಗ ಮುಚ್ಚಿ ಕೂರುತ್ತದೆ. ಕೋಶಚಕ್ರದ ಸುಮಾರು ಮೂರನೇ ಒಂದು ಭಾಗ ಡಿಎನ್‌ಎ-ಎಗೆ ಪ್ರವೇಶವೇ ಇಲ್ಲ!

ಇನ್ನು, ನಕಲಿಗೆ ಸುಮಾರು 40 ನಿಮಿಷ ಬೇಕಾದರೆ 20 ನಿಮಿಷಕ್ಕೊಮ್ಮೆ ಕೋಶ ಇಬ್ಭಾಗ ಆಗುವುದು ಹೇಗೆ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಒಂದು ಸುತ್ತು ಮುಗಿಯುವ ಮೊದಲೇ ಮುಂದಿನ ಸುತ್ತು ಶುರುವಾಗಿರುತ್ತದೆ, ಅಷ್ಟೇ.