ಸಾಂಬ್ರಾದ ಹೊಸ ಟರ್ಮಿನಲ್: ದೊಡ್ಡ ಊರಿನ ಬ್ಯಾಗ್ ತಪಾಸಣೆ ನಮಗೂ ಬೇಕೇ?

ಪರ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಿದರು. ಎಲ್ಲರೂ ಕಟ್ಟಡದ ಅಂದದ ಬಗ್ಗೆಯೇ ಮಾತಾಡುತ್ತಾರೆ. ಕೌಂಟರಿನ ಹಿಂದೆ ಏನಿರಬೇಕು ಅಂತ ಕೇಳುವವರು ಕಡಿಮೆ. ದೊಡ್ಡ ಊರುಗಳಲ್ಲಿರುವಂತೆ, ಬ್ಯಾಗ್ ಕೊಟ್ಟ ಮೇಲೆ ಕೌಂಟರಿನ ಹಿಂದೆಯೇ ತಪಾಸಣೆ ಆಗುವ ‘ಇನ್‌ಲೈನ್’ ವ್ಯವಸ್ಥೆ ಇಲ್ಲೂ ಬೇಕು ಅನ್ನೋದು ನನ್ನ ವಾದ.

ಸಣ್ಣ ನಿಲ್ದಾಣಗಳ ಪದ್ಧತಿ ಗೊತ್ತಲ್ಲ. ಒಳಗೆ ಹೋದ ಕೂಡಲೇ ಬ್ಯಾಗನ್ನು ಎಕ್ಸ್‌ರೇ ಬೆಲ್ಟಿನ ಮೇಲೆ ಎತ್ತಿಡಬೇಕು. ಆಚೆ ಕಡೆ ಇಳಿಸಿಕೊಂಡು, ಪಟ್ಟಿ ಕಟ್ಟಿಸಿ, ಕೌಂಟರಿನಲ್ಲಿ ತೂಕಕ್ಕೆ ಮತ್ತೆ ಎತ್ತಬೇಕು. ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೊರಟ ಅಜ್ಜಿಯರ ಪಾಡು ಕೇಳಲೇಬೇಡಿ. ಪಟ್ಟಿ ಕಟ್ಟೋದಾದರೂ ಯಾಕೆ? ತಪಾಸಣೆ ಆದ ಮೇಲೂ ಬ್ಯಾಗ್ ನಮ್ಮ ಕೈಯಲ್ಲೇ ಇರುತ್ತದೆ, ನಡುವೆ ಏನಾದರೂ ತುರುಕಬಾರದು ಅಂತ. ಇನ್‌ಲೈನ್ ವ್ಯವಸ್ಥೆಯಲ್ಲಿ ಆ ಸಂದೇ ಇಲ್ಲ. ಕೌಂಟರಿನಲ್ಲಿ ಕೊಟ್ಟ ಬ್ಯಾಗ್ ಬೆಲ್ಟಿನ ಮೇಲೆ ನೇರ ಯಂತ್ರಕ್ಕೆ ಹೋಗುತ್ತದೆ. ಅನುಮಾನ ಬಂದದ್ದು ಮಾತ್ರ ಬೇರೆ ದಾರಿ ಹಿಡಿಯುತ್ತದೆ.

ಇನ್ನು ನಮ್ಮ ಕುಂದಾ. ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿಯಾಗಿ ಕಾಣುತ್ತದೆ, ತಿಂಡಿ-ಬಟ್ಟೆ ಕಿತ್ತಳೆಯಾಗಿ. ತೊಂದರೆ ಏನಂದರೆ, ಸ್ಫೋಟಕಗಳೂ ಸಾಮಾನ್ಯವಾಗಿ ಕಿತ್ತಳೆಯೇ. ಖೋವಾದ ಗಟ್ಟಿ ಡಬ್ಬಿ ಕಂಡರೆ ಸಿಬ್ಬಂದಿ ತೆರೆಸಿ ನೋಡುವುದು ಸಹಜ. ಇನ್‌ಲೈನ್‌ನಲ್ಲಿ ಬಳಸುವ, ಆಸ್ಪತ್ರೆಯಲ್ಲಿರುವಂಥ ಸಿಟಿ (CT) ಸ್ಕ್ಯಾನರ್ ಸುತ್ತಲಿಂದ ಚಿತ್ರ ತೆಗೆದು ವಸ್ತು ಎಷ್ಟು ಸಾಂದ್ರ ಅನ್ನೋದನ್ನೂ ಅಳೆಯುತ್ತದೆ. ಕೈಚೀಲಕ್ಕೂ ಅಂಥದ್ದೇ ಇಟ್ಟರೆ ಲ್ಯಾಪ್‌ಟಾಪ್ ಹೊರತೆಗೆಯುವ ಗೋಳೂ ತಪ್ಪುತ್ತದೆ.

ಈ ಯಂತ್ರಗಳು ಬಲು ಭಾರ. ನೆಲ ಗಟ್ಟಿ ಇರಬೇಕು, ಬೆಲ್ಟು ಸುತ್ತಿ ಹೋಗಲು ಜಾಗ ಬೇಕು. ಆಮೇಲೆ ಗೋಡೆ ಒಡೆಯೋದಕ್ಕಿಂತ ಕಟ್ಟುವಾಗಲೇ ಹಾಕೋದು ಅಗ್ಗ ಅಲ್ವಾ?

ವಿರೋಧ

ಅಗ್ಗ ಯಾರಿಗೆ? ಪ್ರತಿ ಟಿಕೆಟ್‌ನಲ್ಲೂ ಭದ್ರತಾ ಶುಲ್ಕ ಈಗಾಗಲೇ ಇದೆ. ಯಂತ್ರ ಯಾರೇ ಕೊಳ್ಳಲಿ, ಖರ್ಚು ಕೊನೆಗೆ ಪ್ರಯಾಣಿಕನ ತಲೆಗೇ.

ಸಣ್ಣ ಊರುಗಳಿಗೆ ಹಾರುವ ಎಟಿಆರ್ ಅನ್ನೋ ಸಣ್ಣ ವಿಮಾನದಲ್ಲಿ ಎಂಬತ್ತು ಸೀಟೂ ಇಲ್ಲ. ಎರಡು ವಿಮಾನ ಒಟ್ಟಿಗೆ ಹೊರಟಾಗ ನೂಕುನುಗ್ಗಲು ಆಗುತ್ತದೆ, ನಿಜ. ಅದಕ್ಕೆ ಇನ್ನೊಂದು ಎಕ್ಸ್‌ರೇ ಮತ್ತು ಅದರ ಮುಂದೆ ಕೂರಲು ಜನ ಸಾಕು. ಪರದೆ ನೋಡಿ ನೋಡಿ ಕಣ್ಣು ಸೋಲುತ್ತದೆ, ಹಲವು ದೇಶಗಳಲ್ಲಿ 20 ನಿಮಿಷಕ್ಕೊಮ್ಮೆ ಆಳು ಬದಲಿಸುತ್ತಾರೆ. ಯಂತ್ರಕ್ಕೆ ದುಡ್ಡು ಸುರಿದು ಆಳು ಕಡಿಮೆ ಇಟ್ಟರೆ ಏನು ಬಂತು?

ಇನ್‌ಲೈನ್‌ನ ಒಂದು ತಾಪತ್ರಯವನ್ನು ಯಾರೂ ಹೇಳೋದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು ಅನ್ನೋದು ನಿಯಮ. ಮರೆತು ದೊಡ್ಡ ಬ್ಯಾಗಿಗೆ ಹಾಕಿದವರು ಎಷ್ಟಿಲ್ಲ! ಒಣ ಕೊಬ್ಬರಿ ಬೆಂಕಿ ಹಿಡಿಯುವ ವಸ್ತು, ಅದಕ್ಕೂ ತಡೆ. ಈಗ ಬ್ಯಾಗಿನ ಒಡೆಯ ಅಲ್ಲೇ ನಿಂತಿರುತ್ತಾನೆ, ತೆಗೆದರೆ ಮುಗಿಯಿತು. ಇನ್‌ಲೈನ್‌ನಲ್ಲಿ ಆತ ಆಗಲೇ ಗೇಟಿನ ಹತ್ತಿರ ಚಹಾ ಕುಡಿಯುತ್ತಿರುತ್ತಾನೆ. ಹೆಸರು ಕೂಗಿ ವಾಪಸ್ ಕರೆಸಬೇಕು. ಇನ್ನು ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಯವರು ಒಯ್ಯುವ ಎರಕದ ಸ್ಯಾಂಪಲ್. ದಪ್ಪ ಲೋಹದ ಆಚೆ ಏನಿದೆ ಅಂತ ಸಿಟಿ ಯಂತ್ರಕ್ಕೂ ಸರಿಯಾಗಿ ಕಾಣೋದಿಲ್ಲ, ತೆರೆದೇ ನೋಡಬೇಕು.

ಬೆಲ್ಟು ಕೆಟ್ಟರೆ? ಬೇರೆ ಬೇರೆ ನಿಂತ ಎಕ್ಸ್‌ರೇ ಎರಡಿದ್ದರೆ ಒಂದು ನಿಂತರೂ ಇನ್ನೊಂದು ನಡೆಯುತ್ತದೆ. ಒಂದೇ ಇನ್‌ಲೈನ್ ನಿಂತರೆ ಎಲ್ಲ ಕೌಂಟರೂ ನಿಂತಂತೆ, ಇಂಜಿನಿಯರ್ ಬೇರೆ ಊರಿಂದ ಬರುವ ತನಕ.

ಸಾಂಬ್ರಾದಲ್ಲಿ ಹಿಂದಿನ ಟರ್ಮಿನಲ್ 2017ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಮರುವರ್ಷವೇ, ಸಣ್ಣ ಊರುಗಳ ವಿಮಾನಯಾನಕ್ಕೆ ಕೇಂದ್ರ ಸಹಾಯಧನ ಕೊಡುವ ಉಡಾನ್ ಯೋಜನೆಯ ಆಸೆಗೆ ವಿಮಾನಗಳು ಹುಬ್ಬಳ್ಳಿ ಕಡೆ ತಿರುಗಿದವು. ಕಟ್ಟಡ ಇತ್ತು, ವಿಮಾನವೇ ಕಡಿಮೆ. ಅದನ್ನು ಕಂಡವರಿಗೆ ಅನುಮಾನ ಬಾರದೇ ಇರುತ್ತದೆಯೇ?

ನೆಲ ಗಟ್ಟಿ ಮಾಡಿ ಬೆಲ್ಟಿಗೆ ಜಾಗ ಬಿಡಲಿ, ಅದಕ್ಕೆ ನನ್ನ ತಕರಾರಿಲ್ಲ. ಯಂತ್ರ ಮಾತ್ರ ಬೆಳಗಿನ ಹೊತ್ತು ಮೂರು ದೊಡ್ಡ ವಿಮಾನ ಒಟ್ಟಿಗೆ ನಿಲ್ಲುವ ಕಾಲಕ್ಕೆ ಕೊಳ್ಳಲಿ.