ರೇಂಜ್ ಇಲ್ದಿದ್ರೆ ಏಲಿಯನ್ ತಾನೆ ಏನ್ ಮಾಡ್ತಾನೆ

ಮೊನ್ನೆ ಟೀವೀಲಿ ಮತ್ತೆ ಏಲಿಯನ್ ಚರ್ಚೆ. ಅದೇ ಕೆ2-18ಬಿ, 124 ಜ್ಯೋತಿರ್ವರ್ಷ ದೂರದ ಗ್ರಹದಲ್ಲಿ ಜೀವದ ಸುಳಿವು ಸಿಕ್ತು ಅಂತ 2025ರಲ್ಲಿ ಕುಣಿದಾಡಿದ್ರು, ಆಮೇಲೆ ಬೇರೆ ವಿಜ್ಞಾನಿಗಳು ಇಷ್ಟು ಸಾಕ್ಷಿ ಸಾಲಲ್ಲ ಅಂದ್ರಲ್ಲ, ಅದು. "ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ಯಾರೂ ಯಾಕೆ ನಮ್ಮನ್ನ ಮಾತಾಡ್ಸಲ್ಲ?" ಅಂತ ಆಂಕರ್ ಕಿರುಚೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯ್ತು. ಹತ್ತು ನಿಮಿಷಕ್ಕೆ ಟವರ್ರೂ ಮಲಗ್ತು, ಡೀಸೆಲ್ ಇಲ್ವಂತೆ. ನಂಗೆ ಉತ್ತರ ಸಿಕ್ತು.

1950ರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಊಟಕ್ಕೆ ಕೂತಾಗ ಏಲಿಯನ್‌ಗಳ ಬಗ್ಗೆ "ಎಲ್ಲಿ ಅವರೆಲ್ಲ?" ಅಂತ ಕೇಳಿದ್ರಂತೆ. ಪುಣ್ಯಾತ್ಮ, ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೇಲಿ ಭಾಗಮಂಡಲ ಕಡೆ ಒಂದು ವಾರ ಇದ್ದಿದ್ರೆ ಕೇಳ್ತಾನೇ ಇರ್ಲಿಲ್ಲ. ಇರ್ತಾರೆ ಮಾರಾಯ್ರೆ, ರೇಂಜ್ ಇಲ್ಲ ಅಷ್ಟೆ. 1977ರಲ್ಲಿ ಅಮೆರಿಕದ ಓಹಾಯೊದ ರೇಡಿಯೋ ಟೆಲಿಸ್ಕೋಪಿಗೆ ಆಕಾಶದ ಕಡೆಯಿಂದ ಸಿಕ್ಕ ಆ ಫೇಮಸ್ 'ವಾವ್' ಸಿಗ್ನಲ್ಲೇ ನೋಡಿ, 72 ಸೆಕೆಂಡ್ ಕೇಳ್ತು, ಆಮೇಲೆ ಎಷ್ಟು ಸಲ ಕಿವಿ ಇಟ್ರೂ ಇಲ್ಲ. ಭೂಮಿ ತಿರುಗೋದ್ರಿಂದ ಆ ಟೆಲಿಸ್ಕೋಪಿಗೆ ಒಂದು ಜಾಗ ಅಷ್ಟೇ ಹೊತ್ತು ಕಾಣೋದು ಅಂತಾರೆ, ಇರಬಹುದು. ನನ್ನ ತಂಗಿ ಫೋನ್ ಮಾಡಿದ್ರೂ ಹಂಗೇ, "ಹಲೋ ಅಣ್ಣಾ, ಮುಖ್ಯವಾದ ವಿಷ್ಯ" ಅಂತಾಳೆ, ಕಟ್.

ಅದೇ ವರ್ಷ ಹೊರಟ ಬಾಹ್ಯಾಕಾಶ ನೌಕೆ ವಾಯೇಜರ್ 1ರ ಟ್ರಾನ್ಸ್‌ಮಿಟರ್ ಇಪ್ಪತ್ತು ಚಿಲ್ಲರೆ ವಾಟ್, ಅಂದ್ರೆ ನಮ್ಮ ಬಚ್ಚಲುಮನೆ ಟ್ಯೂಬ್‌ಲೈಟಿನಷ್ಟು, ಅದು 2,500 ಕೋಟಿಗೂ ಹೆಚ್ಚು ಕಿಲೋಮೀಟರ್ ಆಚೆಯಿಂದ ಇನ್ನೂ ಮಾತಾಡ್ತಿದೆ. ಅದರಲ್ಲಿರೋ ಚಿನ್ನದ ಲೇಪದ ಗ್ರಾಮೊಫೋನ್ ತಟ್ಟೇಲಿ ಕನ್ನಡಿಗರ ಪರವಾಗಿ ಶುಭಾಶಯನೂ ಇದೆ. ಹೆಮ್ಮೆ ಪಡಿ! ಕನ್ನಡ ನಕ್ಷತ್ರಗಳ ಮಧ್ಯೆ ಹೋಯ್ತು, ನನ್ನ ಗುಡ್ ಮಾರ್ನಿಂಗ್ ಮೂರು ಕಿಲೋಮೀಟರ್ ಆಚೆ ಮಾವನ ತೋಟಕ್ಕೆ ಮುಟ್ಟಿಲ್ಲ, ಒಂಟಿ ಟಿಕ್ಕಲ್ಲೇ ನಿಂತಿದೆ.

ಆನೆ ಬರ್ತಿದೆ ಹುಷಾರ್ ಅಂತ ಮೊಬೈಲಿಗೆ ಮೆಸೇಜ್ ಬರೋ ವ್ಯವಸ್ಥೆನೂ ಇದೆ ನಮಗೆ. ಬಹಳ ಒಳ್ಳೇದು. ನಂಗೆ ಅದು ಮುಟ್ಟೋದು ಆನೆ ಬಾಳೆ ಮುಗ್ಸಿ, ಹಲಸು ಮುಗ್ಸಿ, ಬೇಲಿ ಮುರಿದು, ಕಾಫಿ ಗಿಡ ತುಳಿದು ವಾಪಸ್ ಕಾಡಿಗೆ ಹೋಗಿ ನಿದ್ದೆ ಮಾಡ್ತಿರುವಾಗ. ಪಾಪ ಆನೆ ಏನೋ ಟೈಮಿಗೆ ಸರಿಯಾಗಿ ಬಂದಿರುತ್ತೆ. ಕೊರೊನಾ ಕಾಲದಲ್ಲಿ ಸೋಮವಾರಪೇಟೆ ಕಡೆ ಮೇಷ್ಟ್ರೊಬ್ಬರು ರೇಂಜಿಗೋಸ್ಕರ ಮರದ ಮೇಲೆ ಅಟ್ಟಣಿಗೆ ಕಟ್ಕೊಂಡು ಪಾಠ ಮಾಡಿದ್ರು, ಪೇಪರ್ನವರು ಚಂದದ ಫೋಟೋ ಹಾಕಿದ್ರು, ನಾವೂ ಲೈಕ್ ಒತ್ತಿದ್ವಿ. ಮೇಷ್ಟ್ರು ಮರ ಹತ್ತಬೇಕಾಗಿದ್ದು ನಾಚಿಕೆಗೇಡು ಅಂತ ಯಾರಿಗೂ ಅನ್ನಿಸ್ಲಿಲ್ಲ.

ಹೋದ ಮಳೆಗಾಲ ಪಕ್ಕದ ಮನೆ ಅಜ್ಜನಿಗೆ ರಾತ್ರಿ ಎದೆನೋವು. ಆಂಬುಲೆನ್ಸಿಗೆ ಫೋನ್ ಮಾಡಕ್ಕೆ ಅವರ ಮಗ ಟಾರ್ಚ್ ಹಿಡ್ಕೊಂಡು ಆನೆ ದಾರೀಲೇ ಗುಡ್ಡ ಹತ್ತಿದ. ಅಜ್ಜ ಉಳ್ಕೊಂಡ್ರು. ಇದರಲ್ಲಿ ತಮಾಷೆ ಮಾಡಕ್ಕೆ ನಂಗೆ ಏನೂ ಸಿಗ್ತಿಲ್ಲ, ಸಾಕಾಗಿದೆ.

1974ರಲ್ಲಿ ಅರೆಸಿಬೊ ರೇಡಿಯೋ ಟೆಲಿಸ್ಕೋಪಿಂದ ಏಲಿಯನ್‌ಗಳಿಗೆ ಅಂತ ಕಳಿಸಿದ ಸಂದೇಶ ಎಂ13 ನಕ್ಷತ್ರಗುಚ್ಛ ಮುಟ್ಟಕ್ಕೆ 25,000 ವರ್ಷ ಬೇಕಂತೆ. ಟವರ್ ಬೇಕು ಅಂತ ನಾವು ಕೊಟ್ಟ ಅರ್ಜಿ ಮುಂದೆ ಅದು ಸ್ಪೀಡ್ ಪೋಸ್ಟ್. ಕಡೆಗೆ ನಾನೇ ಪೇಟೆಗೆ ಹೋದಾಗ ಕಸ್ಟಮರ್ ಕೇರಿಗೆ ಫೋನ್ ಮಾಡ್ದೆ. ಆ ಹುಡುಗಿ ಪಿನ್‌ಕೋಡ್ ಕೇಳಿದ್ಲು, ಊರ ಹೆಸರು ಕೇಳಿದ್ಲು, ಐದು ನಿಮಿಷ ಹಾಡು ಕೇಳಿಸಿದ್ಲು, ಆಮೇಲೆ ತುಂಬಾ ಮರ್ಯಾದೆಯಿಂದ ಹೇಳಿದ್ಲು:

"ಸರ್, ನಮ್ಮ ಸಿಸ್ಟಮ್ಮಲ್ಲಿ ಆ ಜಾಗದಲ್ಲಿ ಜನ ಇದ್ದಾರೆ ಅಂತ ತೋರಿಸ್ತಾ ಇಲ್ಲ ಸರ್."